ಇಂದಿನ ಧಮ್ಮ ಚಿಂತನೆ: ಗಾಳವೋ, ಮದ್ದೋ?





ಮಗಳು ಎಂಟನೇ ತರಗತಿಗೆ ಬಂದ ವರ್ಷ ನನ್ನ ಮೊಬೈಲಿಗೆ ಒಂದು ಆನ್‌ಲೈನ್ ಕೋಚಿಂಗಿನ ಜಾಹೀರಾತು ಬರತೊಡಗಿತು. ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಒಂದು ಮಗು, ಕೆಳಗೆ 'ನಿಮ್ಮ ಮಗು ಹಿಂದೆ ಉಳಿಯಬಾರದಲ್ಲವೇ?' ಎಂಬ ಪ್ರಶ್ನೆ. ನಾಲ್ಕು ದಿನ ನೋಡಿದೆ. ಐದನೇ ದಿನ ಕಂತಿನ ಮೇಲೆ ಸೇರಿಸಿಬಿಟ್ಟೆ. ಮೂರು ತಿಂಗಳಿಗೆ ಮಗಳು ಅದನ್ನು ತೆರೆಯುವುದನ್ನೇ ಬಿಟ್ಟಳು. ಕಂತು ಮಾತ್ರ ವರ್ಷವಿಡೀ ಕಟ್ಟಿದೆ.

ಒಂದು ಭಾನುವಾರ ತಮ್ಮ ಮನೆಗೆ ಬಂದಿದ್ದ. ವಿಷಯ ಹೇಳಿದರೆ, "ಅಕ್ಕಾ, ನನಗೆ ಬಂದದ್ದೇ ಬೇರೆ" ಎಂದು ತನ್ನ ಮೊಬೈಲ್ ತೋರಿಸಿದ. ಅದೇ ಕೋಚಿಂಗ್. ಆದರೆ ಅಲ್ಲಿ ಕೊನೆಯ ಬೆಂಚಿಲ್ಲ. ಹಾರ ಹಾಕಿಸಿಕೊಂಡು ನಗುವ ಹುಡುಗ, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ ಅಪ್ಪ. ನನ್ನ ತಮ್ಮನಿಗೆ ನಾಲ್ಕು ಜನರ ಮುಂದೆ ಮೆರೆಯುವ ಆಸೆ. ನನಗೆ ಭಯ. ಸರಕು ಒಂದೇ, ಎರೆ ಬೇರೆ ಬೇರೆ.

ನನ್ನ ಭಯ ಎಲ್ಲಿಂದ ಬಂತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಪ್ಪ ಶಾಲೆಯ ಬಾಗಿಲ ಹೊರಗೆ ಕೂತು ಅಕ್ಷರ ಕಲಿತವರು. ನಾನೇ ಟೀಚರ್ ಆಗಿದ್ದರೂ ನಮ್ಮ ಮಕ್ಕಳು ಮತ್ತೆ ಹಿಂದೆ ಬಿದ್ದಾರೆಂಬ ಅಂಜಿಕೆ ಹೋಗಿಲ್ಲ. ನಮ್ಮ ತಲೆಮಾರುಗಳ ಗಾಯವೇ ಯಾರದೋ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ.

ಇದು ಬರಿಯ ಊಹೆಯಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಫೇಸ್‌ಬುಕ್‌ನಲ್ಲಿ 35 ಲಕ್ಷಕ್ಕೂ ಹೆಚ್ಚು ಜನರಿಗೆ ಜಾಹೀರಾತು ತೋರಿಸಿದರು. ಜನರು ಮಾಡಿದ ಲೈಕ್‌ಗಳಿಂದಲೇ ಅವರ ಸ್ವಭಾವವನ್ನು ಅಂದಾಜು ಮಾಡಿದ್ದರು. ಎಲ್ಲರೊಡನೆ ಬೆರೆಯುವ ಹೆಣ್ಣುಮಕ್ಕಳಿಗೆ ಒಂದು ಬಗೆಯ ಚಿತ್ರ, ಒಂಟಿಯಾಗಿರಲು ಬಯಸುವವರಿಗೆ ಇನ್ನೊಂದು ಬಗೆಯ ಚಿತ್ರ ತೋರಿಸಿ ಸೌಂದರ್ಯದ ಸಾಮಗ್ರಿ ಮಾರಿದರು. ಸ್ವಭಾವಕ್ಕೆ ಹೊಂದದ ಜಾಹೀರಾತಿಗಿಂತ ಹೊಂದುವ ಜಾಹೀರಾತಿನಿಂದ ಖರೀದಿ ಶೇ. 50ರವರೆಗೂ ಹೆಚ್ಚಿತು.

ಹಾಗಾದರೆ ಕೇಳುವವರ ಮನಸ್ಸಿಗೆ ತಕ್ಕಂತೆ ಮಾತಾಡುವುದೇ ತಪ್ಪೇ? ಭಗವಾನ್ ಬುದ್ಧರೂ ಹಾಗೆಯೇ ಮಾತಾಡಿದರಲ್ಲವೇ! ಹೊಲ ಉಳುತ್ತಿದ್ದ ಭಾರದ್ವಾಜನಿಗೆ ಬೀಜ, ನೊಗ, ನೇಗಿಲಿನ ಮಾತಿನಲ್ಲೇ ಧಮ್ಮ ಹೇಳಿದರು. ವೀಣೆ ಬಲ್ಲ ಸೋಣನಿಗೆ, ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಬಾರದೆಂದು ತಿಳಿಸಿದರು. ಅಗ್ನಿಪೂಜೆ ಮಾಡುತ್ತಿದ್ದ ಜಟಿಲರಿಗೆ ಗಯೆಯಲ್ಲಿ ಬೆಂಕಿಯನ್ನೇ ಉಪದೇಶವಾಗಿಸಿದರು. ಮುಂದೆ ಬುದ್ಧಘೋಷರು 'ವಿಸುದ್ಧಿಮಗ್ಗ'ದಲ್ಲಿ ಮನುಷ್ಯ ಸ್ವಭಾವವನ್ನು ಆರು ಬಗೆಯಾಗಿ ವಿಂಗಡಿಸಿ, 40 ಧ್ಯಾನ ವಿಷಯಗಳಲ್ಲಿ ಯಾರಿಗೆ ಯಾವುದು ಹೊಂದುತ್ತದೆಂದು ವಿವರಿಸಿದರು.

ವ್ಯತ್ಯಾಸ ಇರುವುದು ಇಲ್ಲಿಯೇ. ಆಸೆ ಹೆಚ್ಚಿದ್ದವರಿಗೆ ಅಲ್ಲಿ ಹೇಳಿದ್ದು ದೇಹದ ನಶ್ವರತೆಯ ಧ್ಯಾನ, ಸಿಟ್ಟು ಹೆಚ್ಚಿದ್ದವರಿಗೆ ಮೈತ್ರಿಯ ಧ್ಯಾನ. ಸ್ವಭಾವವನ್ನು ಗುರುತಿಸಿದ್ದು ರೋಗಕ್ಕೆ ಮದ್ದು ಕೊಡಲು. ಜಾಹೀರಾತು ಆಸೆಬುರುಕನಿಗೆ ಇನ್ನಷ್ಟು ಆಸೆ, ಅಂಜುವವರಿಗೆ ಇನ್ನಷ್ಟು ಅಂಜಿಕೆ ಕೊಡುತ್ತದೆ. ಮೀನಿನ ರುಚಿಯನ್ನು ಗಾಳ ಹಾಕುವವನೂ ಚೆನ್ನಾಗಿಯೇ ಬಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಕೊನೆಯ ದಿನಗಳಲ್ಲಿ ಬುದ್ಧರು ಆನಂದನಿಗೆ, ತಾವು ಏನನ್ನೂ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡ ಗುರುವಲ್ಲ ಎಂದರು. ಬಂದು ನೋಡಿ, ಪರೀಕ್ಷಿಸಿ ಎನ್ನುವುದು ಅವರ ದಾರಿ. ನನ್ನ ಬಗ್ಗೆ ಏನು ತಿಳಿದು ಆ ಕೊನೆಯ ಬೆಂಚಿನ ಮಗುವನ್ನು ನನಗೇ ತೋರಿಸಿದರೆಂದು ಮಾತ್ರ ಯಾರೂ ಹೇಳಲಿಲ್ಲ. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ಎರಡನೇ ಶೀಲ ನಮ್ಮ ಮನಸ್ಸಿನ ಗುಟ್ಟಿಗೂ ಸಲ್ಲುತ್ತದೆ ಎಂದು ನನಗನಿಸುತ್ತದೆ.

ಬಾಬಾಸಾಹೇಬರನ್ನು ನೆನೆಯೋಣ. ನಮ್ಮ ಜನರಿಗಾಗಿ 1920ರಲ್ಲಿ ಮರಾಠಿಯಲ್ಲಿ 'ಮೂಕನಾಯಕ' ತಂದರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆ ಇಂಗ್ಲಿಷಿನಲ್ಲಿ ಭಾಷಣ ಬರೆದರು. ಕೇಳುವವರಿಗೆ ತಕ್ಕ ಭಾಷೆ ಅವರಿಗೆ ಗೊತ್ತಿತ್ತು. ಆದರೆ ಕೇಳುವವರಿಗೆ ಕಹಿಯಾಗುತ್ತದೆಂದು ಕೆಲವು ಭಾಗ ಕೈಬಿಡಲು ಮಂಡಲದವರು ಕೇಳಿದಾಗ ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಸ್ವಂತ ಖರ್ಚಿನಲ್ಲಿ ಆ ಭಾಷಣವನ್ನು ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಮಾತಿನ ರೀತಿ ಕೇಳುವವರಿಗೆ ತಕ್ಕಂತೆ ಬದಲಾಗಬಹುದು, ಸತ್ಯ ಬದಲಾಗಬಾರದು.

ಈ ವರ್ಷವೂ ಅಂಥದೇ ಜಾಹೀರಾತು ಬಂತು. ಎದೆ ಝಲ್ಲೆಂದಿತು. 'ಭಯ ಬಂದಿದೆ' ಎಂದು ಮನಸ್ಸಿನಲ್ಲೇ ಗುರುತಿಸಿಕೊಂಡೆ. ಮೊಬೈಲ್ ಕೆಳಗಿಟ್ಟು ಮಗಳ ಪಕ್ಕ ಗಣಿತದ ಪುಸ್ತಕ ಹಿಡಿದು ಕೂತೆ. ಭಯ ಪೂರ್ತಿ ಹೋಯಿತು ಎನ್ನಲಾರೆ. ಆದರೆ ಆ ಅರ್ಧ ಗಂಟೆ ಅದು ನನ್ನ ಕೈಹಿಡಿದು ಎಳೆಯಲಿಲ್ಲ.

ಬಂಧುಗಳೇ, ಇಂದು ನಿಮ್ಮ ಮೊಬೈಲಿಗೆ ಬರುವ ಒಂದು ಜಾಹೀರಾತನ್ನು ಒತ್ತುವ ಮೊದಲು ಒಂದು ಉಸಿರಿನಷ್ಟು ಹೊತ್ತು ತಡೆಯಿರಿ. ಇದು ನನ್ನೊಳಗಿನ ಯಾವುದನ್ನು ಮುಟ್ಟಿತು, ಅದನ್ನು ವಾಸಿ ಮಾಡುತ್ತದೆಯೋ ಬೆಳೆಸುತ್ತದೆಯೋ ಎಂದು ಕೇಳಿಕೊಳ್ಳಿ. ನಾವು ಇನ್ನೊಬ್ಬರಿಗೆ ಧಮ್ಮ ಹೇಳುವಾಗಲೂ ಇದೇ ಪ್ರಶ್ನೆ ಇರಲಿ. ಅವರ ಮನಸ್ಸು ಅರಿತು ನಾವು ಕೊಡುತ್ತಿರುವುದು ಗಾಳವೋ, ಮದ್ದೋ?

ಎಲ್ಲರಿಗೂ ಮಂಗಳವಾಗಲಿ.
ಜೈಭೀಮ್, ನಮೋ ಬುದ್ಧಾಯ.