ಅಕ್ಕ ಕೇಳದ ಪ್ರಶ್ನೆ

ನಮ್ಮ ಮೆಟ್ರೋ ಲೈನಿನ ಕೊನೆಯ ಸ್ಟೇಷನ್ ಬಲ್ಲಭ್‌ಗಢ. ಅದರ ಸುತ್ತಲಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಭಾರತ-ಅಮೆರಿಕದ ಸಂಶೋಧಕರು ಮರೆವಿನ ಕಾಯಿಲೆಯ ಲೆಕ್ಕ ಹಿಡಿದಿದ್ದರು. ಓದುಬರಹ ಬಾರದವರಿಗೂ ಹೊಂದುವಂತೆ ಹಿಂದಿಯಲ್ಲಿ ಪರೀಕ್ಷೆಗಳನ್ನು ರೂಪಿಸಿದ್ದರು. ಪೆನ್ಸಿಲ್ವೇನಿಯಾದ ಮೊನಾಂಗಹೀಲ ಕಣಿವೆಗೆ ಹೋಲಿಸಿದರೆ ಇಲ್ಲಿ ಆಲ್ಝೈಮರ್ಸ್ ಬಹಳ ಕಡಿಮೆ ಕಂಡಿತು. ಅಪಾಯ ಹೆಚ್ಚಿಸುವ ಎಪಿಒಇ-4 ಎಂಬ ಜೀನ್ ರೂಪವೂ ಇಲ್ಲಿ ಕಡಿಮೆ. ಆದರೆ ಅದಕ್ಕೂ ಕಾಯಿಲೆಗೂ ಇರುವ ನಂಟು ಎರಡೂ ಕಡೆ ಒಂದೇ ಬಗೆಯದಾಗಿತ್ತು.

ಇದೆಲ್ಲ ನನಗೆ ಬರೀ ಓದಿನ ವಿಷಯವಾಗಿತ್ತು, ಹಾಸನದ ಮನೆಯಲ್ಲಿ ಅಮ್ಮ ನನ್ನನ್ನೇ 'ಯಾರ ಮಗನಪ್ಪ ನೀನು?' ಎಂದು ಕೇಳುವವರೆಗೆ. ಅಂದಿನಿಂದ ನನ್ನ ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನಿಸತೊಡಗಿತು. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. 'ನಿಂದು ನೀನು ತಿಳ್ಕೋ. ನಂಗೆ ಮಾತ್ರ ಹೇಳ್ಬೇಡ' ಅಂದಳು.

ನ್ಯಾಯವಾದ ಒಪ್ಪಂದದಂತೆ ಕಂಡಿತು. ಆದರೆ ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಕಥೆ ನೋಡಿ. 2007ರಲ್ಲಿ ಅವರು ತಮ್ಮ ಜೀನೋಮನ್ನು ಬಹಿರಂಗಪಡಿಸಿದಾಗ ಎಪಿಒಇ ಒಂದನ್ನು ಮುಚ್ಚಿಡಲು ಕೋರಿದ್ದರು. ಪಕ್ಕಪಕ್ಕದ ಗುರುತುಗಳು ಜೊತೆಯಾಗಿಯೇ ಸಾಗಿಬರುವುದರಿಂದ ಮುಚ್ಚಿಟ್ಟದ್ದನ್ನೂ ಲೆಕ್ಕ ಹಾಕಬಹುದೆಂದು ಬೇರೆ ಸಂಶೋಧಕರು ತೋರಿಸಿದರು. ಕೊನೆಗೆ ಸುತ್ತಮುತ್ತಲಿನ 20 ಲಕ್ಷ ಅಕ್ಷರಗಳಷ್ಟನ್ನು ತೆಗೆಯಬೇಕಾಯಿತು.

ಡೇಟಾ ಪ್ರಾಜೆಕ್ಟ್ ನಡೆಸುವವರಿಗೆ ಇದು ಗೊತ್ತು: ಒಂದು ಕಾಲಂ ಮುಚ್ಚಿದರೆ ಪಕ್ಕದ ಕಾಲಂ ಹೇಳಿಬಿಡುತ್ತದೆ. ಅಕ್ಕನಿಗೆ ಪಕ್ಕದ ಕಾಲಂ ನಾನು. ನನ್ನ ಎರಡೂ ಪ್ರತಿ ಎಪಿಒಇ-4 ಆಗಿದ್ದರೆ, ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೊಟ್ಟಿದ್ದಾರೆ ಎಂದರ್ಥ. ಆಗ ಅಕ್ಕನಲ್ಲಿ ಒಂದಾದರೂ ಇರುವ ಸಾಧ್ಯತೆ ನಾಲ್ಕರಲ್ಲಿ ಮೂರಕ್ಕಿಂತ ಕಡಿಮೆಯಲ್ಲ. ನಾನು ಬಾಯಿ ಬಿಡದಿದ್ದರೂ, ಅವಳು ಬೀಗದ ಕೈ ಹುಡುಕುವಾಗ ಅವಳನ್ನು ನೋಡುವ ನನ್ನ ನೋಟ ಬದಲಾಗುತ್ತದೆ. ಅಮ್ಮ ಗುರುತು ಹಿಡಿಯದ ಮೇಲೆ ಅಕ್ಕ ಅಷ್ಟನ್ನಂತೂ ಗುರುತಿಸುತ್ತಾಳೆ.

ತಿಳಿಯದಿರುವುದು ಹೇಡಿತನವೇ? ಈ ಜೀನ್ ತೀರ್ಪಲ್ಲ. ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಬಿಪಿ, ಶುಗರ್ ಹತೋಟಿಯಲ್ಲಿಡಲು, ದಿನಾ ನಡೆಯಲು ಅದರ ಅಪ್ಪಣೆ ಬೇಕಿಲ್ಲ.

ಹಾಗೆಂದು ಹುಡುಕಾಟವೇ ಬೇಡವೆನ್ನಲಾರೆ. ಕೋಲಾರದ ಶ್ರೀನಿವಾಸಪುರದ ಹಳ್ಳಿಗರು ಬೆಂಗಳೂರಿನ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ದೀರ್ಘಕಾಲದ ಅಧ್ಯಯನಕ್ಕೆ ತಮ್ಮ ರಕ್ತ, ಸಮಯ ಎರಡನ್ನೂ ಕೊಡುತ್ತಿದ್ದಾರೆ. ಅಲ್ಲಿ ಹುಡುಕುವುದು ಒಬ್ಬನ ಹಣೆಬರಹವನ್ನಲ್ಲ, ಸಾವಿರಾರು ಜನರ ನಡುವಿನ ವ್ಯತ್ಯಾಸವನ್ನು. ಅಂಥದ್ದಕ್ಕೆ ನಾನೂ ತೋಳು ಚಾಚುತ್ತೇನೆ. ನನ್ನ ಫಲಿತಾಂಶ ಮಾತ್ರ, ಅಕ್ಕ ತಾನಾಗಿ ಕೇಳುವ ತನಕ, ನನಗೂ ಬೇಡ.