ಸಹಿಗಾಗಿ ಬಂದ ಗೆಳತಿ

ನಾಗೇಶ್ ಕುಕುನೂರ್ ಅವರ ‘ಡೋರ್’ 2006ರಲ್ಲಿ ಬಂದಾಗ ನಾನು ಪುಣೆಯಲ್ಲಿದ್ದೆ. ನಿಜ ಹೇಳಬೇಕೆಂದರೆ, ಗಿರೀಶ ಕಾರ್ನಾಡರು ಇದ್ದಾರಲ್ಲ ಅಂತಲೇ ಹೋದವಳು. ಊರು ಬಿಟ್ಟವರಿಗೆ ಪರದೆಯ ಮೇಲೆ ನಮ್ಮವರೊಬ್ಬರು ಕಂಡರೆ ಟಿಕೆಟ್ಟಿನ ದುಡ್ಡು ವಸೂಲಾದ ಹಾಗೆ. ಆದರೆ ಮನೆಗೆ ಬಂದ ಮೇಲೆ ತಲೆಯಲ್ಲಿ ಉಳಿದದ್ದು ಕಾರ್ನಾಡರಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸೌದಿಗೆ ದುಡಿಯಲು ಹೋದ ಇಬ್ಬರಲ್ಲಿ ಒಬ್ಬ ಸತ್ತಿದ್ದಾನೆ. ಕೊಂದನೆಂದು ಇನ್ನೊಬ್ಬನಿಗೆ ಮರಣದಂಡನೆ. ಸತ್ತವನ ಹೆಂಡತಿ ಕ್ಷಮಾಪತ್ರಕ್ಕೆ ಸಹಿ ಹಾಕಿದರೆ ಅವನು ಉಳಿಯುತ್ತಾನೆ. ಅವನ ಹೆಂಡತಿ ಜೀನತ್ (ಗುಲ್ ಪನಾಗ್) ಹಿಮಾಚಲದಿಂದ ರಾಜಸ್ಥಾನಕ್ಕೆ ಹುಡುಕಿಕೊಂಡು ಬಂದು, ವಿಧವೆ ಮೀರಾಳ (ಆಯೇಷಾ ಟಾಕಿಯಾ) ಸ್ನೇಹ ಮಾಡುತ್ತಾಳೆ. ಬಂದ ಕೆಲಸ ಮಾತ್ರ ಹೇಳುವುದಿಲ್ಲ. ಮೂಲೆ ಸೇರಿದ್ದ ಮೀರಾ ಅವಳ ಜೊತೆ ನಗುತ್ತಾಳೆ, ಮರಳ ದಿಬ್ಬದ ಮೇಲೆ ಕುಣಿಯುತ್ತಾಳೆ. ಆಮೇಲೆ ನಿಜ ತಿಳಿಯುತ್ತದೆ.

ಜೀನತ್ ಮಾಡಿದ್ದು ಮೋಸವೇ? ಗಂಡನ ಜೀವ ಉಳಿಸೋಕೆ ತಾನೇ ಅನ್ನಬಹುದು. ನಾನು ಒಪ್ಪಲಾರೆ. ಯಾರ ಜೊತೆ ನಗುತ್ತಿದ್ದೇನೆ ಎಂದು ತಿಳಿಯುವ ಹಕ್ಕನ್ನೇ ಅವಳು ಮೀರಾಳಿಂದ ಕಿತ್ತುಕೊಂಡಳು. ಆದರೂ ನೋಡಿ, ಸುಳ್ಳು ಹೇಳದ ಮನೆಯವರು ಮಾಡಿದ್ದೇನು? ಮಾವ (ಅದೇ ನಮ್ಮ ಕಾರ್ನಾಡರು!) ಸಾಲ ತೀರಿಸಲು ಸೊಸೆಯನ್ನೇ ಸಾಲಗಾರನಿಗೆ ಒಪ್ಪಿಸಲು ತಯಾರಾಗುತ್ತಾನೆ. ವಿಧವೆ ಅನ್ನುವುದನ್ನು ಮರೆತು ಅವಳನ್ನೊಂದು ಹುಡುಗಿಯಾಗಿ ಕಂಡವಳು ಆ ಸುಳ್ಳುಗಾತಿ.

ಇದನ್ನು ನಾನು ಇಷ್ಟು ಹಚ್ಚಿಕೊಂಡದ್ದಕ್ಕೆ ಕಾರಣವಿದೆ. ಪರಊರಲ್ಲಿ ಸ್ನೇಹ ಹುಟ್ಟುವುದೇ ಅಗತ್ಯದಿಂದ. ಲೋಕಲ್ಲಿನಲ್ಲಿ ಸೀಟು ಹಿಡಿಯಲು, ಗ್ಯಾಸಿಗೆ, ರೂಮಿಗೆ ಯಾರಾದರೂ ಬೇಕು. ಮುಂಬೈನ ಮಾಟುಂಗಾದಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಾಗ ನನಗೂ ಒಬ್ಬ ಮರಾಠಿ ಗೆಳತಿ ಇದ್ದಳು, ನಮ್ಮ ಆಫೀಸಿನವಳೇ. ಕಾಮಾಲೆ ಆದಾಗ 15 ದಿನ ಗಂಜಿ ಮಾಡಿ ತಂದುಕೊಟ್ಟವಳು. “ಊಟ ಆಯ್ತಾ?” ಅನ್ನೋದನ್ನ ಕಲಿತು ದಿನಾ ಕೇಳುತ್ತಿದ್ದಳು. ನನ್ನ ವರ್ಗದ ಆರ್ಡರು ಬರುವುದು ಅವಳಿಗೆ ತಿಂಗಳು ಮೊದಲೇ ಗೊತ್ತಿತ್ತು. ನನಗೆ ಹೇಳದೆ, ಮನೆಯ ಆಂಟಿಗೆ ಅಡ್ವಾನ್ಸ್ ಕೊಟ್ಟು ನನ್ನ ಜಾಗ ಹಿಡಿದಿದ್ದಳು. ಆಂಟಿಯೇ ಬಾಯಿ ಬಿಟ್ಟರು. ಇಷ್ಟಕ್ಕೇ ಅಷ್ಟು ಸಿಟ್ಟೇ ಎಂದು ಮುಂಬೈಯಲ್ಲಿ ಜಾಗ ಹುಡುಕಿದವರು ಕೇಳಲಾರರು. ಹಾಗಾದರೆ ಆ ಗಂಜಿಯೂ ರೂಮಿಗೇ ಏನೋ ಅಂದುಕೊಂಡೆ. ಕಾಮಾಲೆ ಎರಡು ವರ್ಷ ಹಿಂದಿನದು ಅನ್ನೋದು ಆಗ ನೆನಪಾಗಲಿಲ್ಲ.

ಮೀರಾ ಕೊನೆಗೆ ಸಹಿ ಹಾಕುತ್ತಾಳೆ. ಕಾಗದವನ್ನು ಬೇರೆಯವರ ಕೈಲಿ ಕಳಿಸಬಹುದಿತ್ತು. ತಾನೇ ಸ್ಟೇಷನ್ನಿಗೆ ಓಡಿ ಬರುತ್ತಾಳೆ. ಹೊರಟ ರೈಲಿನ ಬಾಗಿಲಿಂದ ಜೀನತ್ ಕೈ ಚಾಚಿ ಹತ್ತಿಸಿಕೊಳ್ಳುತ್ತಾಳೆ. ಕಾಗದ ಜೀನತಳ ಗಂಡನಿಗೆ, ಓಡಿ ಬಂದದ್ದು ಜೀನತಳಿಗೆ. ಎರಡೂ ಬೇರೆ ಬೇರೆ ಕ್ಷಮೆ. ಎರಡನೆಯದನ್ನು ಯಾವ ಕಾನೂನೂ ಅವಳಿಂದ ಕೇಳಿರಲಿಲ್ಲ.

ನಾನು ಪುಣೆಗೆ ಹೊರಟ ದಿನ ಅವಳು ದಾದರ್ ಸ್ಟೇಷನ್ನಿಗೆ ಬಂದಿದ್ದಳು, ಕೈಯಲ್ಲಿ ಚಕ್ಕುಲಿ ಪೊಟ್ಟಣ. ಕಿಟಕಿಯ ಹತ್ತಿರ ನಿಂತು “ಊಟ ಆಯ್ತಾ?” ಅಂದಳು. ಸೀಟಿನ ಕೆಳಗೆ ಸೂಟ್‌ಕೇಸ್ ತಳ್ಳುವವಳ ಹಾಗೆ ನಾನು ಬಗ್ಗಿಯೇ ಇದ್ದೆ, ರೈಲು ಹೊರಡುವ ತನಕ. ಎದ್ದು ನೋಡಿದರೆ ಪೊಟ್ಟಣ ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿತ್ತು.