ನಿಮ್ಮ ಪಕ್ಕ ಯಾರು ಊಟಕ್ಕೆ ಕೂರ್ತಾರೆ?

ಗಲಾತ್ಯದವರಿಗೆ ಬರೆದ ಪತ್ರಿಕೆ, 2ನೇ ಅಧ್ಯಾಯ, 11ನೇ ವಚನದಿಂದ ತೆಗೆದುಕೊಳ್ಳಿ.

2025ರಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ರಾತ್ರಿ ನೆನಪಿದೆಯಾ? ಹೆಸರೇ ಗೊತ್ತಿಲ್ಲದವರು ರಸ್ತೇಲಿ ತಬ್ಬಿಕೊಂಡ್ರು. ವರ್ಷಗಟ್ಟಲೆ ಒಟ್ಟಿಗೆ ಸೋತಿದ್ರಲ್ಲ, ಗೆಲುವಿಗಿಂತ ಆ ನೋವೇ ಅವರನ್ನ ಹತ್ತಿರ ತಂದಿತ್ತು. ಒಂದೇ ಹಾಡು, ಒಂದೇ ಸಿನಿಮಾ ಇಷ್ಟಪಡೋರು ಬೇಗ ಸ್ನೇಹಿತರಾಗ್ತಾರೆ. ಇದು ಪಾಪ ಅಲ್ಲ. ಕೊರಿಂಥದಲ್ಲಿ ಪೌಲನು ಅಕ್ವಿಲ, ಪ್ರಿಸ್ಕಿಲ್ಲರ ಮನೇಲಿ ಯಾಕೆ ಉಳಿದುಕೊಂಡ? ಮೂವರದ್ದೂ ಗುಡಾರ ಮಾಡುವ ಕಸುಬು.

ಈಗ ಅಂತಿಯೋಕ್ಯಕ್ಕೆ ಬನ್ನಿ. ಆ ಸಭೆಯ ಮುಂದಾಳುಗಳನ್ನ ನೋಡಿ: ಕುಪ್ರದ ಬಾರ್ನಬ, ಕುರೇನ್ಯದ ಲೂಕ್ಯ, ಹೆರೋದನ ಜೊತೆ ಬೆಳೆದ ಮೆನಹೇನ. ಇವರಿಗೆ ಫೋನ್ ಇದ್ದಿದ್ರೆ ಪ್ಲೇಲಿಸ್ಟ್‌ನಲ್ಲಿ ಒಂದು ಹಾಡೂ ಮ್ಯಾಚ್ ಆಗ್ತಿರಲಿಲ್ಲವೇನೋ! ಅಲ್ಲಿ ಪೇತ್ರನು ಅನ್ಯಜನರ ಸಂಗಡ ಕೂತು ಊಟ ಮಾಡ್ತಿದ್ದ. ಯಾಕೋಬನ ಕಡೆಯಿಂದ ಕೆಲವರು ಬಂದ್ರು, ಪೇತ್ರ ಹಿಂದೆ ಸರಿದ. ಬಾರ್ನಬನೂ ಅವನ ಹಿಂದೆ ಹೋದ. ನಿಜ, ಅಲ್ಲಿದ್ದದ್ದು ಬರೀ ರುಚಿಯ ವಿಷಯ ಅಲ್ಲ. ಧರ್ಮಶಾಸ್ತ್ರ ಇತ್ತು, ಜನರ ಭಯ ಇತ್ತು. ಆದ್ರೆ ಅಲ್ಲೇ ಕೂತಿದ್ದ ಅನ್ಯಜನರ ಹುಡುಗನೊಬ್ಬನನ್ನ ಯೋಚನೆ ಮಾಡಿ. ಅವನಿಗೆ ಕಂಡದ್ದು ಇಷ್ಟೇ: ನಿನ್ನೆ ಪಕ್ಕದಲ್ಲಿ ಕೂತವರು ಇವತ್ತು ಇಲ್ಲ. ಪೌಲ ಇದನ್ನ ಸಣ್ಣ ವಿಷಯ ಅಂತ ಬಿಡಲಿಲ್ಲ. ಎಲ್ಲರ ಮುಂದೆಯೇ ಪೇತ್ರನನ್ನ ಎದುರಿಸಿದ. ಇದು ಸುವಾರ್ತೆಯ ಸತ್ಯಕ್ಕೆ ತಕ್ಕ ನಡತೆಯಲ್ಲ ಅಂದ.

ನಮ್ಮ ಸಭೆಗೆ ರಾಯಚೂರಿಂದ ಕೆಲಸಕ್ಕೆ ಬಂದ ತಮ್ಮ ಒಬ್ಬ ಬರ್ತಾನೆ ಅಂದ್ಕೊಳ್ಳಿ. ಎಲ್ಲರೂ ಇಂಗ್ಲಿಷ್ ವರ್ಶಿಪ್ ಬ್ಯಾಂಡ್, ವೆಬ್ ಸೀರೀಸ್ ಅಂತ ಮಾತಾಡಿ ನಗ್ತಾರೆ. ಅವನು ಮೊಬೈಲ್ ನೋಡ್ತಾ ನಿಲ್ತಾನೆ. ತಬಲಾ, ತಾಳದ ಜೊತೆ ಅಮ್ಮ ಹಾಡ್ತಿದ್ದ ಕೀರ್ತನೆ ಕೇಳಿದ್ರೆ ಅವನ ಕಣ್ಣು ತುಂಬುತ್ತೆ, ಅದು ಯಾರಿಗೂ ಗೊತ್ತಿಲ್ಲ. ಮೂರು ವಾರ ಬರ್ತಾನೆ, ನಾಲ್ಕನೇ ವಾರ ಬರಲ್ಲ. ಆಮೇಲೆ ಏನಂತಾರೆ? "ವಿಶ್ವಾಸದಲ್ಲಿ ಬಲಹೀನ, ಬ್ರದರ್." ಅವನ ವಿಶ್ವಾಸಕ್ಕೆ ಏನೂ ಆಗಿರಲಿಲ್ಲ, ಪ್ರಿಯರೇ. ಪಕ್ಕದ ಕುರ್ಚಿ ಖಾಲಿ ಇತ್ತು.

ಇವತ್ತು ಆರಾಧನೆ ಆದ್ಮೇಲೆ ಹಾಲ್‌ನಲ್ಲಿ ಊಟ ಇದೆ. ತಟ್ಟೆ ಹಿಡ್ಕೊಂಡು ನಿಮ್ಮ ಗುಂಪಿನ ಕಡೆ ಹೋಗೋ ಮೊದಲು ಹಾಲ್ ಪೂರ್ತಿ ಒಂದ್ಸಲ ನೋಡಿ. ಒಬ್ಬರೇ ಕೂತವರ ಹತ್ರ ಹೋಗಿ, "ನಿಮ್ಮೂರಲ್ಲಿ ಯಾವ ಹಾಡು ಹಾಡ್ತೀರಾ?" ಅಂತ ಕೇಳಿ. ಮೊದಲ ಸಲ ನಿಮಗೆ ಹಿಡಿಸದೇ ಇರಬಹುದು. ಪರವಾಗಿಲ್ಲ, ಇನ್ನೊಂದ್ಸಲ ಹಾಡಿಸಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ.